ಮುದಗಲ್ಲಿನ ಪೂಜೆ, ಹಟ್ಟಿಯ ಅಣ್ಣ

ಶುಕ್ರವಾರ ಸಂಜೆ ಬಳ್ಳಾರಿಯಲ್ಲಿ ಶಿಲುಬೆ ಹಾದಿ ಮುಗಿಸಿ ಎಲ್ಲರೂ ಮನೆಗೆ ಹೊರಟರು. ನಾನು ಚರ್ಚಿನ ಬೆಂಚಿನ ಮೇಲೆ ಕೂತೇ ಇದ್ದೆ. ಅವತ್ತಿನ ಪೂಜೆಯಲ್ಲಿ ಓದಿದ ಶುಭಸಂದೇಶ ಮುಳ್ಳಿನ ಹಾಗೆ ಚುಚ್ಚಿಕೊಂಡಿತ್ತು. ಈಸ್ಟರ್ ಹಬ್ಬಕ್ಕೆ ಮುಂಚಿನ ತಪಸ್ಸುಕಾಲದ ಮೊದಲನೇ ವಾರದ ಶುಕ್ರವಾರ ಪ್ರತಿ ವರ್ಷವೂ ಅದೇ ಭಾಗ ಬರುತ್ತದೆ, ಮತ್ತಾಯನ 5ನೇ ಅಧ್ಯಾಯ. ಕಾಣಿಕೆ ಹಿಡಿದು ಪೀಠದ ಮುಂದೆ ನಿಂತಿದ್ದೀಯ. ನಿನ್ನ ಸಹೋದರನಿಗೆ ನಿನ್ನ ಮೇಲೆ ಏನೋ ಮನಸ್ತಾಪ ಇದೆ ಅಂತ ಅಲ್ಲೇ ನೆನಪಾಗುತ್ತದೆ. ಕಾಣಿಕೆಯನ್ನು ಅಲ್ಲೇ ಬಿಡು, ಮೊದಲು ಹೋಗಿ ಅವನ ಜೊತೆ ರಾಜಿಯಾಗು, ಆಮೇಲೆ ಬಾ ಅನ್ನುತ್ತಾರೆ ಯೇಸುಸ್ವಾಮಿ.

ನನಗೆ ನೆನಪಾಗಿದ್ದು ಚಿನ್ನದ ಗಣಿಯ ಊರು ಹಟ್ಟಿಯಲ್ಲಿರುವ ಅಣ್ಣ. ಮೂರು ವರ್ಷದಿಂದ ಮಾತಿಲ್ಲ. ಹಿಂದಿನ ಎರಡು ವರ್ಷವೂ ಇದೇ ಓದು ಕೇಳಿದ್ದೆ. ಸಿಟ್ಟು ಇರುವುದು ನನಗೆ, ಅವನಿಗಲ್ಲವಲ್ಲ, ಹಾಗಾಗಿ ಈ ಮಾತು ನನಗೆ ಹೇಳಿದ್ದಲ್ಲ ಅಂತ ತಪ್ಪಿಸಿಕೊಂಡಿದ್ದೆ. ತಮ್ಮ ಮೂರು ವರ್ಷ ಮನೆ ಕಡೆ ತಲೆ ಹಾಕದಿದ್ದರೆ ಅಣ್ಣನಿಗೆ ಏನೂ ಅನ್ನಿಸಿರುವುದಿಲ್ಲವೇ? ಅಷ್ಟು ಸರಳ ಪ್ರಶ್ನೆ ನನ್ನ ತಲೆಗೆ ಬಂದಿರಲೇ ಇಲ್ಲ.

ಜಗಳ ಆಸ್ತಿಯದಲ್ಲ. ಅಪ್ಪ ತೀರಿಕೊಂಡ ಮೇಲೆ ಮನೆಯನ್ನು ಅಣ್ಣನಿಗೇ ಬಿಟ್ಟುಕೊಟ್ಟೆ. ಸಹಿ ಹಾಕುವಾಗ ಕೈ ಒಂದಿಷ್ಟೂ ಹಿಂದೆಗೆಯಲಿಲ್ಲ. ಆದರೆ ಅಪ್ಪನದೊಂದು ಕೈಗಡಿಯಾರ ಇತ್ತು, ಎಚ್‌ಎಂಟಿ ಜನತಾ. ಬಿಳಿ ಮುಖ, ಗಾಜಿನ ಮೇಲೆ ಗೀರು. ಅಪ್ಪ ದಿನಾ ರಾತ್ರಿ ಜಪಮಾಲೆ ಮುಗಿಸಿ ಅದಕ್ಕೆ ಕೀ ಕೊಡುತ್ತಿದ್ದರು. ಚಿಕ್ಕವನಿದ್ದಾಗ ಕೊನೆಯ ಎರಡು ಸುತ್ತು ತಿರುಗಿಸುವುದು ನನ್ನ ಪಾಲಿಗೆ. ಅದು ನನಗೇ ಬರುತ್ತದೆ ಅಂದುಕೊಂಡಿದ್ದೆ. ನಲವತ್ತನೇ ದಿನದ ಪೂಜೆಗೆ ಹೋದಾಗ ಅದು ಅಣ್ಣನ ಕೈಮೇಲಿತ್ತು. ನಾನು ಏನೂ ಕೇಳಲಿಲ್ಲ. ಊಟ ಮಾಡಿ ಬಸ್ಸು ಹತ್ತಿದೆ, ಅಷ್ಟೇ.

ಆಮೇಲೆ ಪ್ರಾರ್ಥನೆ ಒಣಗುತ್ತಾ ಬಂತು. ಪೂಜೆ ತಪ್ಪಿಸಲಿಲ್ಲ, ಶುಕ್ರವಾರದ ಉಪವಾಸ ಬಿಡಲಿಲ್ಲ. ಆದರೆ ‘ಪರಲೋಕದಲ್ಲಿರುವ ನಮ್ಮ ತಂದೆಯೇ’ ಹೇಳುವಾಗ, ನಾವು ಇತರರನ್ನು ಕ್ಷಮಿಸುವಂತೆ ನಮ್ಮನ್ನೂ ಕ್ಷಮಿಸು ಅನ್ನುವ ಕ್ಷಮೆಯ ಸಾಲಿನ ಹತ್ತಿರ ಬಾಯಿ ತಾನಾಗಿಯೇ ಬೇಗ ಬೇಗ ಓಡುತ್ತಿತ್ತು. ದೇವರು ದೂರ ಹೋಗಿದ್ದಾರೆ ಅನ್ನಿಸುತ್ತಿತ್ತು. ದೂರ ಹೋಗಿದ್ದು ಯಾರು ಅಂತ ಈಗ ಗೊತ್ತು.

ಶನಿವಾರ ಬೆಳಿಗ್ಗೆ ಬಸ್ ಹತ್ತಿದೆ. ಆದರೂ ಟಿಕೆಟ್ ತೆಗೆದದ್ದು ಹಟ್ಟಿಗೆ ಅಂತಲ್ಲ. ಮುದಗಲ್ ನಮ್ಮ ಅಜ್ಜಿಯ ಊರು. ಅಲ್ಲಿ ಭಾನುವಾರದ ಪೂಜೆ ನೋಡಿಕೊಂಡು ಬರುತ್ತೇನೆ ಅಂತ ಹೆಂಡತಿಗೆ ಹೇಳಿದೆ. ಅವಳಿಗೆ ಅರ್ಥ ಆಯಿತು ಅನ್ನಿಸುತ್ತದೆ. ಬ್ಯಾಗಿನಲ್ಲಿ ಎರಡು ಜೊತೆ ಬಟ್ಟೆ ಜಾಸ್ತಿಯೇ ಇಟ್ಟಳು.

ಬಳ್ಳಾರಿ ಬಿಡುವಾಗ ಗುಡ್ಡದ ಕೋಟೆ ಕಾಣುತ್ತದಲ್ಲ, ಅದನ್ನು ನೋಡಿದಾಗಲೆಲ್ಲ ನನಗೆ ಬೈಬಲ್ಲಿನ 24ನೇ ಕೀರ್ತನೆ ನೆನಪಾಗುತ್ತದೆ. ಪ್ರಭುವಿನ ಬೆಟ್ಟವನ್ನು ಹತ್ತಲು ಯಾರಿಗೆ ಯೋಗ್ಯತೆ ಇದೆ ಎಂದು ಅದು ಕೇಳುತ್ತದೆ. ಕೈ ಶುದ್ಧ, ಮನಸ್ಸು ನಿರ್ಮಲ ಇದ್ದವನಿಗೆ ಅಂತ ಉತ್ತರ. ಈ ಮಾತುಗಳನ್ನು ಕನ್ನಡಕ್ಕೆ ತರಲು ನಮ್ಮೂರಿನಲ್ಲೇ ಒಬ್ಬರು ವರ್ಷಗಟ್ಟಲೆ ಕೂತಿದ್ದರು. ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದರು. ಅವರೂ ವಿಲಿಯಂ ರೀವ್ ಅವರೂ ದುಡಿದು ಇಡೀ ಬೈಬಲ್ಲು ಕನ್ನಡದಲ್ಲಿ 1831ರ ಹೊತ್ತಿಗೆ ಬಂತು. ನಾವು ಕಥೋಲಿಕರು, ಅವರು ಬೇರೆ ಸಭೆಯವರು. ಆದರೂ ಕೀರ್ತನೆಗಳಲ್ಲಿನ ದಾವಿದ ರಾಜನ ಪಶ್ಚಾತ್ತಾಪದ ಮಾತು ಈ ಬಿಸಿಲೂರಿನ ಮೇಜಿನ ಮೇಲೆ ಕನ್ನಡವಾಯಿತು ಅನ್ನುವುದು ನನಗೆ ದೊಡ್ಡ ಹೆಮ್ಮೆ.

ಸಿರುಗುಪ್ಪ ದಾಟಿ, ತುಂಗಭದ್ರೆ ದಾಟಿ ಸಿಂಧನೂರಿನ ಕಡೆ ಬಂದರೆ ಕಾಲುವೆ ನೀರಿನ ಭತ್ತದ ಗದ್ದೆಗಳು. ಸುಡು ಬಿಸಿಲಿನಲ್ಲೂ ಕಣ್ಣು ತಂಪಾಗುತ್ತದೆ. ಕಾಲುವೆ ಇಲ್ಲದ ಕಡೆ ಕಪ್ಪು ಎರೆ ನೆಲ. ಜೋಳದ ರಾಶಿ ನಡೆದಿತ್ತು. ಒಬ್ಬ ಹೆಣ್ಣುಮಗಳು ಮೊರ ಎತ್ತಿ ತೂರುತ್ತಿದ್ದಳು. ಕಾಳು ನೇರ ಕೆಳಗೆ ಬೀಳುತ್ತಿತ್ತು, ಹೊಟ್ಟು ಪಕ್ಕಕ್ಕೆ ಹಾರುತ್ತಿತ್ತು. ಶುಭಸಂದೇಶದಲ್ಲಿ ‘ನಿರ್ಮಲ ಹೃದಯ’ ಅಂತ ನಾವು ಓದುವ ಕಡೆ ಗ್ರೀಕಿನಲ್ಲಿರುವ ಪದ ಕಥರೋಸ್. ತೊಳೆದು ಶುಚಿಯಾಗಿದ್ದಕ್ಕೂ ಆ ಪದ, ಬೆರಕೆ ಇಲ್ಲದ್ದಕ್ಕೂ ಅದೇ ಪದ. ಹೊಟ್ಟು ಹೋದ ಕಾಳಿಗೂ ಸಲ್ಲುತ್ತದೆ. ಇದನ್ನು ಓದಿ ತಿಳಿದುಕೊಂಡು ಎಷ್ಟೋ ವರ್ಷವಾಗಿತ್ತು. ಮೊರದ ಹತ್ತಿರ ಬಸ್ಸು ನಿಧಾನವಾದಾಗ ಮಾತ್ರ ಅದು ಒಳಗೆ ಇಳಿಯಿತು. ನನ್ನ ಹೃದಯದಲ್ಲಿ ಕಾಳು ಇರಲಿಲ್ಲ ಅಂತಲ್ಲ. ಬೆರಕೆ ಇತ್ತು.

ಸಿಂಧನೂರಿನಲ್ಲಿ ಒಗ್ಗರಣೆ ಮಿರ್ಚಿ ತಿಂದು ಚಹಾ ಕುಡಿದೆ. ಅಲ್ಲಿಂದ ಮಸ್ಕಿ. ಅಶೋಕನ ಹೆಸರೇ ಕೆತ್ತಿದ ಶಾಸನ ಸಿಕ್ಕ ಊರು ಇದು. 1915ರಲ್ಲಿ ಅದನ್ನು ಕಂಡವರು ಬೀಡನ್ ಎಂಬ ಚಿನ್ನದ ಗಣಿ ಎಂಜಿನಿಯರ್. ಈ ಸೀಮೆಯಲ್ಲಿ ಏನು ಹುಡುಕಿದರೂ ಚಿನ್ನದ ಮಾತು ಬಂದೇ ಬರುತ್ತದೆ.

ದಾರಿಯುದ್ದಕ್ಕೂ ಜಾನ್ ಕ್ಯಾಸಿಯನ್ ನೆನಪಾಗುತ್ತಿದ್ದರು. ಐದನೇ ಶತಮಾನದ ಸನ್ಯಾಸಿ. ಈಜಿಪ್ಟಿನ ಮರುಭೂಮಿಯ ಹಿರಿಯರ ಮಾತುಗಳನ್ನು ಬರೆದಿಟ್ಟವರು. ಮೋಸೆ ಎಂಬ ಹಿರಿಯರು ಅವರಿಗೆ ರೈತನ ಉದಾಹರಣೆ ಕೊಡುತ್ತಾರೆ. ರೈತನಿಗೆ ಬೇಕಾಗಿದ್ದು ಸುಗ್ಗಿ. ಆದರೆ ದಿನಾ ಅವನು ಮಾಡುವ ಕೆಲಸ ಹೊಲದ ಮುಳ್ಳು, ಕಳೆ ತೆಗೆಯುವುದು. ಹಾಗೆಯೇ ನಮಗೆ ಬೇಕಾಗಿದ್ದು ದೇವರ ರಾಜ್ಯ, ಇವತ್ತು ಮಾಡಬೇಕಾದ ಕೆಲಸ ಹೃದಯ ಹಸನು ಮಾಡುವುದು. ಉಪವಾಸ, ಜಾಗರಣೆ, ಓದು ಎಲ್ಲ ಬರೀ ಸಲಕರಣೆ. ಅಲ್ಲೇ ಇನ್ನೊಂದು ಮಾತಿದೆ. ಬಂಗಾರ, ಬೆಳ್ಳಿ, ಜಮೀನು ಎಲ್ಲ ಬಿಟ್ಟು ಮರುಭೂಮಿಗೆ ಬಂದ ಕೆಲವರು ಅಲ್ಲಿ ಒಂದು ಚಾಕು, ಒಂದು ಸೂಜಿ, ಒಂದು ಲೇಖನಿಗಾಗಿ ಸಿಟ್ಟಾಗುತ್ತಿದ್ದರಂತೆ. ಮನೆ ಬಿಟ್ಟುಕೊಟ್ಟು ಗಡಿಯಾರ ಹಿಡಿದುಕೊಂಡವನು ಇದನ್ನು ಓದಿದರೆ ಹೇಗಾಗುತ್ತದೆ ಹೇಳಿ. ಸಾವಿರದ ಆರುನೂರು ವರ್ಷದ ಹಿಂದೆಯೇ ನನ್ನ ಕಥೆ ಬರೆದಿಟ್ಟಿದ್ದರು.

ಲಿಂಗಸುಗೂರಿನಲ್ಲಿ ಬಸ್ ಬದಲಿಸಿ ಮುದಗಲ್ ಮುಟ್ಟಿದಾಗ ಮಧ್ಯಾಹ್ನ ಮೀರಿತ್ತು. ಕೋಟೆಯ ಕಂದಕದ ನೀರು, ಗುಡ್ಡದ ಮೇಲೆ ಹತ್ತಿ ಹೋಗುವ ಗೋಡೆ. ಬಹಮನಿಗಳು, ವಿಜಯನಗರದವರು, ಬಿಜಾಪುರದವರು ಈ ಕೋಟೆಗಾಗಿ ಮತ್ತೆ ಮತ್ತೆ ಕಾದಾಡಿದರು. ಇಲ್ಲಿಯ ಮೊಹರಂ ತುಂಬ ಹೆಸರುವಾಸಿ, ಹಿಂದೂಗಳೂ ಮುಸಲ್ಮಾನರೂ ಕೂಡಿಯೇ ಮಾಡುತ್ತಾರೆ. ಇಂಥ ಊರಿನಲ್ಲಿ ಕ್ರೈಸ್ತರೂ ತಲೆಮಾರುಗಳಿಂದ ಇದ್ದಾರೆ. ಗೋವೆಯಿಂದ ಬಂದ ಮಿಷನರಿಗಳು 1557ಕ್ಕೂ ಮುಂಚೆಯೇ ಇಲ್ಲಿ ಚರ್ಚು ಕಟ್ಟಿದರು ಎಂದು ಹಳೆಯ ಗೆಜೆಟಿಯರ್ ಹೇಳುತ್ತದೆ. ಅಂದರೆ ವಿಜಯನಗರ ಸೋತ ರಕ್ಕಸಗಿ ತಂಗಡಗಿ ಯುದ್ಧಕ್ಕಿಂತ ಮೊದಲು. ಸುತ್ತ ರಾಜ್ಯಗಳು ಬಿದ್ದವು, ಎದ್ದವು. ಇಲ್ಲಿ ಪೂಜೆಯಲ್ಲಿ ರೊಟ್ಟಿ ಮುರಿಯುವುದು ನಿಲ್ಲಲಿಲ್ಲ. ಅಜ್ಜಿ ಇದನ್ನು ಹೇಳುವಾಗ ಇಸವಿ ಹೇಳುತ್ತಿರಲಿಲ್ಲ. ‘ಕೋಟಿ ಕಾಲದಿಂದ ನಾವು ಯೇಸುಸ್ವಾಮಿ ಮಂದಿ’ ಅನ್ನುತ್ತಿದ್ದಳು.

ಸಂಜೆ ಪಾಪನಿವೇದನೆಗೆ ಹೋದೆ. ಬೇರೆ ಊರಿನಿಂದ ಬಂದಿದ್ದ ಹಿರಿಯ ಫಾದರ್ ಒಬ್ಬರು ಕೂತಿದ್ದರು. ನಾನು ಎಂದಿನಂತೆ ದೊಡ್ಡ ಪಟ್ಟಿ ತೆಗೆದೆ. ಕೊನೆಗೆ ಗಡಿಯಾರದ ವಿಷಯ ಸುಮ್ನೆ ಸೇರಿಸಿದ ಹಾಗೆ ಹೇಳಿದೆ. ಅವರು ಉಳಿದ ಯಾವುದರ ಬಗ್ಗೆಯೂ ಕೇಳಲಿಲ್ಲ.

‘ಹಟ್ಟಿ ಇಲ್ಲಿಂದ ಎಷ್ಟು ದೂರ?’ ಅಂದರು.

‘ಲಿಂಗಸುಗೂರಿಗೆ ಹೋಗಿ ಹೋಗಬೇಕು ಫಾದರ್. ಹೆಚ್ಚು ದೂರ ಇಲ್ಲ.’

‘ಹಂಗಾದ್ರೆ ನಿನ್ನ ಪ್ರಾಯಶ್ಚಿತ್ತ ಅದೇ. ಪೂಜೆ ಮುಗಿಸ್ಕೊಂಡು ಹೋಗು. ಗಡಿಯಾರ ಕೇಳೋಕೆ ಅಲ್ಲ.’

ಭಾನುವಾರದ ಪೂಜೆ. ತಪಸ್ಸುಕಾಲದ ಎರಡನೇ ಭಾನುವಾರ ಓದುವುದು ಯೇಸುಸ್ವಾಮಿಯ ರೂಪಾಂತರ. ಶಿಷ್ಯರಾದ ಪೇತ್ರ, ಯಕೋಬ, ಯೊವಾನ್ನ ಬೆಟ್ಟ ಹತ್ತುತ್ತಾರೆ, ಅಲ್ಲಿ ಯೇಸುಸ್ವಾಮಿಯ ಮುಖ ಸೂರ್ಯನಂತೆ ಬೆಳಗುವುದನ್ನು ಕಾಣುತ್ತಾರೆ. ನಿರ್ಮಲ ಹೃದಯದವರು ದೇವರನ್ನು ಕಾಣುವರು ಅಂದದ್ದು ಇದನ್ನೇ ಅಲ್ವಾ ಅಂತ ಕೇಳುತ್ತಾ ಕೂತೆ. ಆದರೆ ಆ ಮೂವರ ಹೃದಯವೂ ಅವತ್ತು ಹಸನಾಗಿರಲಿಲ್ಲ. ಪೇತ್ರ ಆಮೇಲೆ ಗುರುವನ್ನು ಗೊತ್ತೇ ಇಲ್ಲ ಅಂದ. ಯಕೋಬ, ಯೊವಾನ್ನ ಬಲಕ್ಕೊಂದು ಎಡಕ್ಕೊಂದು ಜಾಗ ಬೇಕೆಂದರು. ಶುದ್ಧರಾದ ಮೇಲೆ ಹತ್ತಿರ ಬನ್ನಿ ಅಂತ ದೇವರು ಕಾಯುತ್ತಾ ಕೂರಲಿಲ್ಲ. ಹತ್ತಿರ ಕರೆದುಕೊಂಡು ಹೋಗಿಯೇ ತೊಳೆದರು. ನನಗೆ ಆ ಬೆಳಿಗ್ಗೆ ಬೇಕಾಗಿದ್ದ ಧೈರ್ಯ ಇಷ್ಟೇ.

ಕಾಣಿಕೆ ಅರ್ಪಣೆಯ ಹೊತ್ತಿನಲ್ಲಿ ಒಂದು ಸಣ್ಣ ಸಂಗತಿ ನಡೆಯುತ್ತದೆ. ನಾವೆಲ್ಲ ಹಾಡುತ್ತಿರುತ್ತೇವೆ, ಹೆಚ್ಚಿನವರು ಗಮನಿಸುವುದೇ ಇಲ್ಲ. ಪೀಠದ ಹುಡುಗ ಒಂದು ಕೈಯಲ್ಲಿ ಬಟ್ಟಲು, ಇನ್ನೊಂದು ಕೈಯಲ್ಲಿ ನೀರಿನ ಪುಟ್ಟ ಹೂಜಿ ಹಿಡಿದು ಬರುತ್ತಾನೆ. ಗುರುಗಳು ಬೆರಳು ಚಾಚುತ್ತಾರೆ. ನಾಲ್ಕು ಹನಿ ನೀರು. ಹಾಗೆ ತೊಳೆಯುವಾಗ ಅವರು ಮೆಲ್ಲಗೆ ತಮ್ಮಷ್ಟಕ್ಕೇ 51ನೇ ಕೀರ್ತನೆಯ ಮಾತು ಹೇಳುತ್ತಾರೆ: ನನ್ನ ದೋಷ ತೊಳೆ, ನನ್ನ ಪಾಪದಿಂದ ನನ್ನನ್ನು ಶುದ್ಧಮಾಡು. ಬೇರೆಯವನ ಹೆಂಡತಿಯನ್ನು ತಂದು, ಅವನನ್ನೂ ಕೊಲ್ಲಿಸಿ, ಪ್ರವಾದಿ ನಾತಾನನ ಎದುರು ಸಿಕ್ಕಿಬಿದ್ದ ದಾವಿದನ ಪ್ರಾರ್ಥನೆ ಅದು. ಆ ಕೀರ್ತನೆಯಲ್ಲೇ ಮುಂದೆ ಅವನು ‘ನನ್ನ ಹೃದಯ ತೊಳೆ’ ಅಂತಲೂ ಹೇಳುವುದಿಲ್ಲ, ಶುದ್ಧ ಹೃದಯವನ್ನು ಸೃಷ್ಟಿಸು ಅನ್ನುತ್ತಾನೆ. ಇದ್ದದ್ದನ್ನು ಒರೆಸಿದರೆ ಸಾಲದು, ಹೊಸದೇ ಬೇಕು. ಪೂಜೆ ಮಾಡಿಸುವ ಗುರುಗಳೇ ಈ ಮಾತು ಹೇಳಿ ಕೈ ತೊಳೆಯುವಾಗ ನಾನು ಯಾಕೆ ಇಷ್ಟು ವರ್ಷ ಒಣಗಿದ ಕೈ ಹಿಡಿದು ಕೂತಿದ್ದೆ?

ಶಾಂತಿ ಹಂಚಿಕೊಳ್ಳುವಾಗ ಪಕ್ಕದ ಮುದುಕರು ನನ್ನ ಎರಡೂ ಕೈ ಹಿಡಿದುಕೊಂಡರು. ನೇಗಿಲು ಹಿಡಿದು ಬಿರುಸಾದ ಅಂಗೈ. ಗುರುತು ಪರಿಚಯ ಇಲ್ಲದವರಿಗೆ ‘ಶಾಂತಿ ನಿಮ್ಮೊಡನಿರಲಿ’ ಅನ್ನುವುದು ಎಷ್ಟು ಸುಲಭ ಅಂದುಕೊಂಡೆ.

ಹಟ್ಟಿ ಕ್ಯಾಂಪಿಗೆ ಹೋದಾಗ ಮಧ್ಯಾಹ್ನ ಎರಡೂವರೆ. ಅಣ್ಣ ಕಟ್ಟೆಯ ಮೇಲೆ ಬನಿಯನ್ನಿನಲ್ಲಿ ಕೂತಿದ್ದ. ನನ್ನನ್ನು ನೋಡಿ ಎದ್ದು ನಿಂತ. ‘ಬಾ’ ಅಂದ. ಒಂದೇ ಮಾತು. ಅತ್ತಿಗೆ ನೀರು ತಂದುಕೊಟ್ಟು ಸೆರಗಿನಿಂದ ಕಣ್ಣು ಒರೆಸಿಕೊಂಡು ಒಳಗೆ ಹೋದರು. ಅಣ್ಣನ ಎಡಗೈಯಲ್ಲಿ ಗಡಿಯಾರ ಇತ್ತು.

ಏನು ಮಾತಾಡುವುದು ತಿಳಿಯದೆ ಗಣಿಯ ಬಗ್ಗೆ ಕೇಳಿದೆ. ಅಪ್ಪನ ಹಾಗೆ ಅವನೂ ಅಲ್ಲೇ ದುಡಿದು ನಿವೃತ್ತನಾದವನು. ಸರ್ಕಾರದ ಕಂಪನಿ ಶುರುವಾದದ್ದು 1947ರಲ್ಲಿ. ಅದಕ್ಕೂ ಬಹಳ ಹಿಂದೆಯೇ, ಪುರಾತನ ಕಾಲದಲ್ಲೇ ಜನ ಇಲ್ಲಿ ಕಲ್ಲು ಕೊರೆದು ಚಿನ್ನ ತೆಗೆದಿದ್ದರು. ‘ಕಲ್ಲಿನ್ಯಾಗ ಬಂಗಾರ ಕಣ್ಣಿಗೆ ಕಾಣಂಗಿಲ್ಲ ತಮ್ಮಾ’ ಅಂದ ಅಣ್ಣ. ‘ಒಂದು ಟನ್ ಕಲ್ಲಿಗೆ ಸಿಗೋದು ಕೆಲವೇ ಗ್ರಾಂ. ಒಡಿಬೇಕು, ಅರಿಬೇಕು, ಹಿಟ್ಟಿನಂಗ ಆಗಬೇಕು. ಆಮ್ಯಾಲ ಸೈನೈಡ್ ನೀರಿನ್ಯಾಗ ಕರಗಬೇಕು. ಬೆಂಕಿ ಕೆಲಸ ಕಡೀಕ.’

ಬೆಳ್ಳಿಬಂಗಾರವನ್ನು ಕುಲುಮೆ ಪರೀಕ್ಷಿಸುತ್ತದೆ, ಹೃದಯವನ್ನು ದೇವರು ಪರೀಕ್ಷಿಸುತ್ತಾರೆ ಅಂತ ಬೈಬಲ್ಲಿನ ಜ್ಞಾನೋಕ್ತಿ ಗ್ರಂಥದಲ್ಲಿದೆ. ಪ್ರಬೋಧನೆಗಳಲ್ಲಿ ನಾವು ಕುಲುಮೆಯ ಬೆಂಕಿಯನ್ನೇ ಕೇಳಿದ್ದೇವೆ. ಬೆಂಕಿಗೆ ಮುಂಚೆ ಇಷ್ಟು ಅರೆಯುವುದಿದೆ ಅಂತ ನನಗೆ ಯಾರೂ ಹೇಳಿರಲಿಲ್ಲ. ಮೂರು ವರ್ಷದ ಆ ಒಣ ಪ್ರಾರ್ಥನೆಗಳು ನೆನಪಾದವು. ಬಿಟ್ಟುಬಿಡದೆ ಹೇಳುತ್ತಾ ಬಂದದ್ದು ಒಳ್ಳೆಯದಾಯಿತು ಅನ್ನಿಸಿತು.

‘ಅಣ್ಣ, ನಿನ್ನ ಮೇಲೆ ಸಿಟ್ಟಿತ್ತು. ಅಪ್ಪನ ವಾಚು ನೀನು ಕಟ್ಕೊಂಡಿದ್ದಕ್ಕೆ. ತಪ್ಪಾಯ್ತು.’

ಅವನು ಬಹಳ ಹೊತ್ತು ಸುಮ್ಮನಿದ್ದ. ‘ನಾ ಏನು ಮಾಡೀನಿ ಅಂತ ಮೂರು ವರ್ಷ ಕುಂತು ಯೋಚನಿ ಮಾಡೀನಲೋ’ ಅಂದ. ‘ಬಾಯಿ ಬಿಟ್ಟು ಕೇಳಿದ್ರ ಕೊಡ್ತಿದ್ದಿಲ್ಲೇನು?’ ಗಡಿಯಾರ ಬಿಚ್ಚಿ ನನ್ನ ಕೈಯಲ್ಲಿಟ್ಟ.

ಅದು ಓಡುತ್ತಿರಲಿಲ್ಲ. ನಾಲ್ಕು ಗಂಟೆ ಹತ್ತು ನಿಮಿಷಕ್ಕೆ ನಿಂತಿತ್ತು. ಕೀ ತಿರುಗಿಸಿದೆ. ಹಿಡಿತವಿಲ್ಲದೆ ಸುಮ್ಮನೆ ತಿರುಗಿತು. ‘ನಿಂತು ವರ್ಷದ ಮ್ಯಾಲಾತು’ ಅಂದ ಅಣ್ಣ, ‘ಅಪ್ಪನ್ದು ಅಂತ ಕಟ್ಕೊಂತೀನಿ.’ ಬೆಲ್ಟಿನ ಒಳಭಾಗ ಅವನ ಬೆವರಿಗೆ ಕಪ್ಪಾಗಿತ್ತು. ಅಪ್ಪ ಹಾಕುತ್ತಿದ್ದ ತೂತು ಸವೆದು ದೊಡ್ಡದಾಗಿತ್ತು. ಅದರ ಪಕ್ಕದಲ್ಲಿ ಅಣ್ಣ ತನ್ನ ಸಣ್ಣ ಮಣಿಕಟ್ಟಿಗೆಂದು ಮೊಳೆಯಿಂದ ಹೊಸ ತೂತು ಮಾಡಿಕೊಂಡಿದ್ದ. ನಾನು ಅವನ ಕೈ ಹಿಡಿದು, ಆ ಹೊಸ ತೂತಿಗೇ ಬಕ್ಕಲ್ ಸಿಕ್ಕಿಸಿ ಕಟ್ಟಿದೆ. ಅವನು ಬೇಡ ಅನ್ನಲಿಲ್ಲ.

ಅವತ್ತು ವಾಪಸ್ ಹೊರಡಲು ಅತ್ತಿಗೆ ಬಿಡಲಿಲ್ಲ. ರಾತ್ರಿ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ. ತಟ್ಟೆಯ ಮುಂದೆ ಕೂತು ಅಣ್ಣ ಶಿಲುಬೆ ಗುರುತು ಹಾಕಿ ‘ಪರಲೋಕದಲ್ಲಿರುವ ನಮ್ಮ ತಂದೆಯೇ’ ಶುರು ಮಾಡಿದ. ಅಪ್ಪನ ಹಾಗೆಯೇ ನಿಧಾನ, ಒಂದೊಂದು ಮಾತಿಗೂ ಉಸಿರು ತೆಗೆದುಕೊಂಡು. ಕ್ಷಮೆಯ ಸಾಲು ಬಂದಾಗ ನಾನು ಓಡಲಿಲ್ಲ. ಅವನು ಮುಗಿಸುವ ತನಕ ಅವನ ಜೊತೆಗೇ ಹೇಳಿದೆ. ಆಮೇಲೆ ಅತ್ತಿಗೆ ಬಿಸಿ ರೊಟ್ಟಿ ತಟ್ಟೆಗೆ ಹಾಕಿದರು.