ಇನ್ನ ಎಲ್ಲಿ ನಿಂದ್ರಬೇಕ್ರಿ?

ಮಂಗಳವಾರದಿಂದ ಆ ಮಾತು ಕಿವಿಯಲ್ಲೇ ಕೂತಿದೆ. "ಅಕ್ಕೋರೆ, ನಾ ಇನ್ನ ಎಲ್ಲಿ ನಿಂದ್ರಬೇಕ್ರಿ?"

ಕೇಳಿದವರು ನಮ್ಮ ಓಣಿಗೆ ಕಾಯಿಪಲ್ಯೆ ತರುವ ಹೆಣ್ಣುಮಗಳು. ಆರೇಳು ವರ್ಷದಿಂದ ಬಂಡಿ ತಳ್ಳಿಕೊಂಡು ಬರುತ್ತಾರೆ. ಎದುರು ಮನೆ ಮುಂದಿನ ಬೇವಿನ ಗಿಡದ ಕೆಳಗೇ ನಿಲ್ಲಿಸುವುದು. ನಮ್ಮ ಕಲಬುರಗಿ ಕಡೆ ಎಷ್ಟು ದೊಡ್ಡ ಮರವಾದರೂ ಗಿಡ ಅಂತಲೇ ಕರೆಯುತ್ತೇವೆ. ಅಲ್ಲೇ ವ್ಯಾಪಾರ, ಅಲ್ಲೇ ನೀರು ಕುಡಿಯುವುದು, ಅಲ್ಲೇ ಸ್ವಲ್ಪ ಹೊತ್ತು ಕೂರುವುದು. ಮಂಗಳವಾರ ಬಂದಾಗ ಗಿಡ ಇರಲಿಲ್ಲ. ಮೊಣಕಾಲೆತ್ತರದ ಬೊಡ್ಡೆ ಇತ್ತು. ಕೊತ್ತಂಬರಿ ಮೇಲೆ ಹೊದಿಸಿದ್ದ ಹಸಿ ಗೋಣಿಚೀಲ ನೋಡುನೋಡುತ್ತಲೇ ಒಣಗುತ್ತಿತ್ತು.

ಗಿಡ ಕಡಿದದ್ದು ಭಾನುವಾರ. ಗರಗಸದ ಮಷೀನ್ ಸದ್ದು ಕೇಳಿ ನಾನು ಹೊರಗೆ ಬಂದೆ. ಎದುರು ಮನೆಯವರು ಅಲ್ಲೇ ನಿಂತಿದ್ದರು. ನಾನು ಕೇಳುವ ಮೊದಲೇ ಅವರೇ ಹೇಳಿದರು. "ಎಲಿ ಭಾಳ ಬೀಳ್ತಾವ್ರಿ, ದಿನಾ ಕಸ ಹೊಡಿಯೋದೇ ಆಗೇದ. ಹಕ್ಕಿ ಕಾರೆಲ್ಲಾ ಹೊಲಸು ಮಾಡ್ತಾವ. ಮನ್ಯಾಗ ಎಸಿ ಅದ, ಇನ್ನ ಗಿಡ ಯಾಕ್ರಿ?"

ಇವರು ಕೆಟ್ಟ ಮನುಷ್ಯ ಅಲ್ಲ. ಹೋದ ವರ್ಷ ನನ್ನ ಅಮ್ಮನಿಗೆ ಎದೆನೋವು ಬಂದಾಗ ರಾತ್ರಿ ಎರಡು ಗಂಟೆಗೆ ಇದೇ ಕಾರಿನಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದವರು. ಆ ಋಣಕ್ಕೇ ನನ್ನ ಬಾಯಿ ಕಟ್ಟಿತು. ರಸ್ತೆ ಬದಿಯ ಗಿಡ ಕಡಿಯಬೇಕಾದರೆ ವೃಕ್ಷಾಧಿಕಾರಿಯ ಅನುಮತಿ ಬೇಕು ಅಂತ ನನಗೆ ಗೊತ್ತಿತ್ತು. 1976ರಿಂದಲೂ ಅದಕ್ಕೆ ಕಾಯ್ದೆ ಇದೆ. "ಅನುಮತಿ ತಗೊಂಡೀರೇನ್ರಿ" ಅಂತ ಒಂದು ಮಾತು ಕೇಳಬಹುದಿತ್ತು. ಮನೆ ಕಡೆ ಬಾಗಿದ್ದ ಎರಡು ಟೊಂಗೆ ಮಾತ್ರ ತೆಗೆಸಿ ಅನ್ನಬಹುದಿತ್ತು. ಅನ್ನಲಿಲ್ಲ. ಒಳಗೆ ಬಂದು ಬಾಗಿಲು ಹಾಕಿಕೊಂಡೆ.

ಬೇವಿನ ಎಲೆ ವರ್ಷವಿಡೀ ಹಾಗೆ ಉದುರುವುದೂ ಇಲ್ಲ. ಶಿವರಾತ್ರಿ, ಹೋಳಿ ಆಸುಪಾಸಿನ ಕೆಲವು ವಾರ ಜಾಸ್ತಿ ಉದುರುತ್ತದೆ, ಅಷ್ಟೇ. ಯುಗಾದಿಗೆ ಹೊಸ ಚಿಗುರು, ಹೂವು. ಬಿಸಿಲು ಏರುವ ಹೊತ್ತಿಗೆ ಸರಿಯಾಗಿ ನೆರಳು ತಯಾರಾಗಿರುತ್ತದೆ. ಈ ಸಲವೂ ಓಣಿಯ ಎಲ್ಲ ಮನೆಯ ಬೇವು-ಬೆಲ್ಲಕ್ಕೆ ಹೂವು ಕೊಟ್ಟದ್ದು ಅದೇ ಗಿಡ.

ನನ್ನದು ಸರ್ಕಾರಿ ಕೆಲಸ. ಏಪ್ರಿಲ್, ಮೇ ಬಂತೆಂದರೆ ನಮ್ಮ ಭಾಗದ ಆಫೀಸುಗಳು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಮಾತ್ರ. 40 ಡಿಗ್ರಿ ದಾಟುವ ಬಿಸಿಲಲ್ಲಿ ಜನ ದುಡಿಯೋದು ಕಷ್ಟ ಅಂತ ಸರ್ಕಾರವೇ ಒಪ್ಪಿಕೊಂಡಿದೆ, ಅಲ್ವಾ? ಬಂಡಿ ತಳ್ಳುವವರಿಗೆ ಯಾವ ಆದೇಶವೂ ಬರುವುದಿಲ್ಲ. ಆ ಹೆಣ್ಣುಮಗಳಿಗೆ ಇದ್ದ ಒಂದೇ ಅನುಕೂಲ ಆ ನೆರಳು. ಈಗ ಅವರು ನಿಲ್ಲುತ್ತಿದ್ದ ಜಾಗಕ್ಕೆ ಎದುರು ಮನೆ ಎಸಿಯ ಹೊರಗಿನ ಡಬ್ಬಿ ಬಿಸಿ ಗಾಳಿ ಊದುತ್ತದೆ. ಮನೆಯ ಒಳಗೆ ಇರುವವರು ತಂಪು ಕೊಂಡುಕೊಳ್ಳಬಹುದು. ರಸ್ತೆ ಮೇಲೆ ಇರುವವರು ಎಲ್ಲಿಂದ ತರಬೇಕು? ಪೋಸ್ಟಿನವರು, ಗುಜರಿಯವರು, ಶಾಲೆ ಬಿಟ್ಟು ನಡೆದು ಬರುವ ಮಕ್ಕಳು, ಎಲ್ಲರೂ ಅಲ್ಲಿ ಒಂದು ನಿಮಿಷ ನಿಲ್ಲುತ್ತಿದ್ದರು. ಮನೆ ಮುಂದಿದೆ ಅಂದ ಮಾತ್ರಕ್ಕೆ ಗಿಡ ಆ ಮನೆಯವರದ್ದು ಹೇಗಾಗುತ್ತದೆ?

ನಿನ್ನೆ ಸಂಜೆ ಧೈರ್ಯ ಮಾಡಿ ಎದುರು ಮನೆಗೆ ಹೋದೆ. ಜಗಳಕ್ಕಲ್ಲ. ಆಕೆ ಕೇಳಿದ ಮಾತನ್ನು ಹಾಗೇ ಹೇಳಿದೆ. ಅವರು ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ, "ಇದು ನನ್ನ ತಲ್ಯಾಗ ಬಂದೇ ಇಲ್ರಿ" ಅಂದರು. "ಒಂದು ಸಸಿ ಹಚ್ಚೋಣ, ನೀರು ನಾ ಹಾಕ್ತೀನಿ."

ಹಚ್ಚುತ್ತೇವೆ. ಆದರೆ ಈಗಲ್ಲ, ಜೂನ್‌ನ ಮಿರಗದ (ಮೃಗಶಿರಾ) ಮಳೆ ಬೀಳಲಿ. ನಮ್ಮದು ಎರೆಮಣ್ಣು. ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು ಬಿಟ್ಟು ಎಳೆ ಬೇರನ್ನೇ ಹರಿದುಹಾಕುತ್ತದೆ. ಗುಂಡಿ ದೊಡ್ಡದು ತೋಡಬೇಕು, ಕೆಂಪು ಮಣ್ಣು, ಗೊಬ್ಬರ ಬೆರೆಸಬೇಕು. ಬುಡಕ್ಕೆ ಸಿಮೆಂಟ್ ಹಾಕಲು ಯಾರಿಗೂ ಬಿಡಬಾರದು. ಆಡು, ದನ ತಿನ್ನದಂತೆ ಬೇಲಿ ಬೇಕು. ಎರಡು ಬೇಸಿಗೆ ನೀರು ತಪ್ಪಬಾರದು. ಜುಲೈನಲ್ಲಿ ಸಸಿ ನೆಟ್ಟು ಫೋಟೋ ತೆಗೆಸಿಕೊಂಡು ಮಾರ್ಚ್‌ನಲ್ಲಿ ಮರೆತುಬಿಡುವುದನ್ನು ಈ ಊರಲ್ಲಿ ಸಾಕಷ್ಟು ನೋಡಿದ್ದೇನೆ. ಎಲ್ಲ ಸರಿಯಾಗಿ ಮಾಡಿದರೂ ಒಂದು ಬಂಡಿಗೆ ಆಗುವಷ್ಟು ನೆರಳು ಬರಲು ವರ್ಷಗಳೇ ಬೇಕು. ಆಕೆಗೆ ಈಗಲೇ ಐವತ್ತರ ಹತ್ತಿರ ಇರಬಹುದು.

ಇವತ್ತು ಬೆಳಿಗ್ಗೆ ಅವರು ಬಂದರು. ನಮ್ಮ ಗೇಟು ಪೂರಾ ತೆಗೆದು, "ಬಂಡಿ ಒಳಗೇ ತಗೊಂಡ ಬರ್ರಿ, ಪೋರ್ಟಿಕೋದಾಗ ನೆರಳದ" ಅಂದೆ. ಇಬ್ಬರೂ ಸೇರಿ ತಳ್ಳಿ ನೋಡಿದೆವು. ಬಂಡಿ ಹಿಡಿಸಲಿಲ್ಲ. "ಇರಲಿ ಬಿಡ್ರಿ ಅಕ್ಕೋರೆ" ಅಂದು ಅರ್ಧ ಕಿಲೋ ಹೀರೇಕಾಯಿ ತೂಗಿ ಕೊಟ್ಟು, ಕೂರದೆ ಮುಂದಕ್ಕೆ ಹೋದರು.