ಟೈಲ್ ಪಾಸು, ಗೋಂದು ಫೇಲು

ನಾನು ಕೊಂಡ ಹಳೇ ಮನೆಯ ನೆಲದ ಬಗ್ಗೆ ಲ್ಯಾಬಿನಿಂದ ಎರಡನೇ ವರದಿ ಬಂತು. ನೆಲದ ಟೈಲ್‌ನಲ್ಲಿ ಆಸ್ಬೆಸ್ಟಾಸ್ ಸಿಕ್ಕಿಲ್ಲ. ಅದರ ಕೆಳಗಿನ ಕಪ್ಪು ಗೋಂದಿನಲ್ಲಿ ಇದೆ. ಕ್ರೈಸೋಟೈಲ್, ಅಂದರೆ ಬಿಳಿ ಕಲ್ನಾರು.

ತಪ್ಪು ನನ್ನದೇ. ಮನೆ ಕೊಳ್ಳುವ ಮುಂಚೆ ಶೆಡ್ಡಿನ ಶೀಟು, ಬಿಸಿನೀರಿನ ಪೈಪಿನ ಹೊದಿಕೆ ಎಲ್ಲ ಪರೀಕ್ಷೆ ಮಾಡಿಸಿದ್ದೆ. ನೆಲದಿಂದ ಮಾತ್ರ ಗೋಂದು ಅಂಟದ ಚೂರನ್ನೇ ಹುಡುಕಿ ಕಳಿಸಿದ್ದೆ. ಲ್ಯಾಬಿನವರಿಗೆ ಕೊಳಕು ಚೂರು ಕಳಿಸೋದು ಮರ್ಯಾದೆಯಲ್ಲ ಅಂತ! 9 ಇಂಚಿನ ಚದರ ವಿನೈಲ್ ಟೈಲ್, ಅಡಿಯಲ್ಲಿ ಟಾರಿನಂಥ ಗೋಂದು. ಈ ಜೋಡಿ ಕಂಡಾಗಲೇ ಎರಡೂ ಪದರ ಕಳಿಸಬೇಕಿತ್ತು. ಟೈಲ್ ಪಾಸಾಯಿತು ಅಂತ ಕುಣಿಯೋ ಹಾಗೂ ಇಲ್ಲ. ವಿನೈಲ್‌ನೊಳಗಿನ ಕಲ್ನಾರಿನ ಎಳೆ ತೀರಾ ಸಣ್ಣದಿದ್ದರೆ ಮಾಮೂಲಿ ಸೂಕ್ಷ್ಮದರ್ಶಕದ ಕಣ್ಣಿಗೂ ತಪ್ಪಿಸಿಕೊಳ್ಳುತ್ತದೆ.

ಗೋಂದು ಉಜ್ಜಲು ಬಾಡಿಗೆಗೆ ತಂದ ಗ್ರೈಂಡರ್ ಈಗ ಸುಮ್ನೆ ಕೂತಿದೆ. ಗೋಂದಿನಲ್ಲಿ ಹೂತಿರುವ ಎಳೆ ತನ್ನ ಪಾಡಿಗೆ ಇರುತ್ತದೆ. ಗ್ರೈಂಡರ್ ಇಟ್ಟರೆ ಧೂಳಾಗಿ ಎದ್ದು ಎದೆಗೆ ಸೇರುತ್ತದೆ, ಕಾಯಿಲೆ ಗೊತ್ತಾಗೋದು ಎಷ್ಟೋ ಸಲ 20-40 ವರ್ಷ ಆದಮೇಲೆ. ಅದಕ್ಕೇ ಕೀಳೋದು ಬೇಡ, ಮುಚ್ಚಿಬಿಡೋಣ ಅಂದುಕೊಂಡೆ. (ಗ್ರೈಂಡರಿಗೆ ವೈರ್ ಬ್ರಷ್ ಹಾಕಿ ಶೆಡ್ಡಿನ ಹಳೇ ವೈಸಿನ, ಅಂದರೆ ವಸ್ತು ಕಚ್ಚಿ ಹಿಡಿಯೋ ಕಬ್ಬಿಣದ ಸಾಧನದ ತುಕ್ಕು ತೆಗೆಯಬೇಕು. ಅದನ್ನು ಕೂರಿಸೋ ಬೆಂಚಿನ ಡ್ರಾಯಿಂಗ್ ರೆಡಿ. ಇರಲಿ, ಮೊದಲು ನೆಲ.)

ಬಾಗಿಲ ಬಳಿ ಏಳು ಟೈಲ್ ಮೊದಲೇ ಎದ್ದು ಹೋಗಿದ್ದವು. 3 ಮಿ.ಮೀ. ಗುಂಡಿ. ಹಿಡಿತಕ್ಕೆ ಪ್ರೈಮರ್ ಬಳಿದು, ನೆಲ ಸಮ ಮಾಡೋ ಲೆವೆಲಿಂಗ್ ಮಿಶ್ರಣ ಸುರಿದೆ, ರಸಮಟ್ಟ ಇಟ್ಟು ನೋಡಿದೆ, ಗುಳ್ಳೆ ನಡುವಿಗೇ ಬಂತು. ಖುಷಿಯಾಗಿ ಮಲಗಿದೆ. ಎರಡು ದಿನಕ್ಕೆ ಅದು ಒಣಗಿದ ಗಾಯದ ಹಕ್ಕಳೆ ಥರ ಎದ್ದು ಬಂತು. ಟಾರಿನಂಥ ಗೋಂದಿಗೆ ಮಾಮೂಲಿ ಪ್ರೈಮರ್ ಹಿಡಿಯೋದಿಲ್ಲ. ಹಿಡಿಯಬೇಕಾದರೆ ಮೇಲ್ಮೈ ಉಜ್ಜಿ ಒರಟು ಮಾಡಬೇಕು. ಉಜ್ಜೋ ಹಾಗಿಲ್ಲ. ಆಯ್ತಲ್ಲ ಕಥೆ!

ಇದರ ಮಧ್ಯೆ ಅಂಗಡಿಯವರ ಕಾಟ. ಮಾಸ್ಕಿಗೆ ಸಣ್ಣ ಧೂಳು ತಡೆಯೋ ಪಿ3 ಫಿಲ್ಟರ್ ಕೇಳಿದರೆ ಬಣ್ಣದ ವಾಸನೆ ತಡೆಯೋ ಕಾರ್ಟ್ರಿಡ್ಜ್ ಕಳಿಸಿದರು. ಫೋನ್ ಮಾಡಿದರೆ "ಎಲ್ಲಾ ಒಂದೇ ಸಾರ್." ಗಡ್ಡ ಇದ್ದರೆ ಮಾಸ್ಕ್ ಮುಖಕ್ಕೆ ಕೂರೋದಿಲ್ಲ ಅಂತ ನಾನು ಆಗಲೇ ಬೋಳಿಸಿಕೊಂಡು ಕೂತಿದ್ದೆ. ಸರಿಯಾದ ಫಿಲ್ಟರ್ ಬರೋ ಹೊತ್ತಿಗೆ ಗಡ್ಡ ಮತ್ತೆ ಬಂದಿತ್ತು.

ಕೊನೆಗೆ ಹಳೇ ಗೋಂದಿನ ಮೇಲೇ ಉಜ್ಜದೆ ಬಳಿಯೋ ಪ್ರೈಮರ್ ಸಿಕ್ಕಿತು. ಸಡಿಲ ಚೂರುಗಳಿಗೆ ಎರಡು ಹನಿ ಪಾತ್ರೆ ಸೋಪು ಬೆರೆಸಿದ ನೀರು ಸಿಂಪಡಿಸಿ ಎತ್ತಿ, ಒರೆಸಿದ ಬಟ್ಟೆ ಸಮೇತ ಜೋಡಿ ಚೀಲಕ್ಕೆ ಹಾಕಿದೆ. ಪೊರಕೆ, ಮಾಮೂಲಿ ವ್ಯಾಕ್ಯೂಮ್ ಎರಡನ್ನೂ ಮುಟ್ಟಲಿಲ್ಲ. (ಎಷ್ಟೋ ಕಡೆ ಈ ಕೆಲಸಕ್ಕೆ ಪರವಾನಗಿ ಇರೋರೇ ಬೇಕು, ನಿಮ್ಮ ನಿಯಮ ನೋಡಿಕೊಳ್ಳಿ.) ಈ ಸಲ ಮೊದಲು ಅಂಗೈಯಗಲ ಮಾತ್ರ ಸುರಿದೆ. ನಾಣ್ಯದಿಂದ ತಟ್ಟಿದೆ. ಹಿಂದಿನದು ಡಬ್ ಡಬ್ ಅಂದಿತ್ತು, ಇದು ಟಣ್ ಅಂತು, ಅಂದರೆ ಗಟ್ಟಿಯಾಗಿ ಹಿಡಿದಿದೆ.

ಮೇಲೆ ಫೋಮ್ ಹಾಸಿ ಹಲಗೆ ಕೂರಿಸಿದೆ. ಒಂದು ಮೊಳೆಯಿಲ್ಲ, ಒಂದು ತೂತಿಲ್ಲ. ನೆಲ 12 ಮಿ.ಮೀ. ಮೇಲೆ ಬಂತು. ಬಾಗಿಲು ತೆಗೆಯಲು ಬರುತ್ತಿಲ್ಲ.

ಬಾಗಿಲು ಕಳಚಿ, ಅದರ ಕೆಳ ಅಂಚಿಗೆ ತೋಪಡ ಹೊಡೆಯಲು ಕೂತೆ. ಅಂಚಿನಲ್ಲಿ ಬಣ್ಣ ಎದ್ದಿತ್ತು: ಬಿಳಿ, ಅದರಡಿ ಹಸಿರು, ಅದರಡಿ ಇನ್ನೊಂದು ಬಿಳಿ. ಇಷ್ಟು ಹಳೇ ಬಣ್ಣದಲ್ಲಿ ಸೀಸ ಇರಬಹುದು ಅಲ್ವಾ? ತೋಪಡ ಕೆಳಗಿಟ್ಟೆ. ಲ್ಯಾಬಿಗೆ ಇನ್ನೊಂದು ಪೊಟ್ಟಣ ಹೊರಟಿದೆ, ಈ ಸಲ ಮೂರೂ ಪದರ ಸೇರಿಸಿ.