ಮೈ ಸಣ್ಣಗಿದ್ರೆ ಸಾಕಾ, ದಮ್ಮು ಬೇಡ್ವಾ?

"ನಾನು ಸಣ್ಣಗೇ ಇದೀನಲ್ಲ, ನಂಗ್ಯಾಕೆ ಎಕ್ಸರ್‌ಸೈಜು" ಅನ್ನೋ ಮಾತನ್ನ ಊರಿಗೆ ಫೋನ್ ಮಾಡ್ದಾಗೆಲ್ಲಾ ಕೇಳ್ತೀನಿ, ಇಲ್ಲಿ ಅಮೆರಿಕದಲ್ಲಿರೋ ನಮ್ಮ ಹೆಂಗಸರೂ ಅದನ್ನೇ ಹೇಳ್ತಾರೆ, ಅದಕ್ಕೇ ಇದನ್ನ ಬರೀಬೇಕು ಅನ್ನಿಸ್ತು.

ನಮ್ಮ ವಾಕಿಂಗ್ ಗುಂಪಲ್ಲಿ ಕೊರಿಯಾದವರು, ಮೆಕ್ಸಿಕೋ ಕಡೆಯವರು, ಬಿಳಿಯರು, ಕಪ್ಪು ಜನಾಂಗದವರು ಎಲ್ಲಾ ಇದಾರೆ, ಹೆಚ್ಚುಕಮ್ಮಿ ಎಲ್ರೂ ಐವತ್ತು ದಾಟಿದವರೇ. ಒಂದು ಏರು ಬರತ್ತೆ, ಅಲ್ಲಿ ಹೇಳ್ಕೊಡೋ ಹುಡುಗಿ ನಿಲ್ಲದೆ ನಡೀತಾನೇ ಒಂದು ಪೂರ್ತಿ ವಾಕ್ಯ ಹೇಳಿ ಅಂತಾಳೆ. ಗುಂಪಲ್ಲಿರೋ ನಮ್ಮ ಭಾರತದವರಿಗೆ ಎರಡು ಪದಕ್ಕೇ ಉಸಿರು ಕಟ್ಟತ್ತೆ. ಎಪ್ಪತ್ತು ದಾಟಿದ ಕಪ್ಪು ಜನಾಂಗದ ಒಬ್ಬ ಅಮ್ಮ, ನಮಗಿಂತ ದಪ್ಪ, ಮೊಮ್ಮಗಳ ಕಥೆ ಪೂರ್ತಿ ಹೇಳಿ ಮುಗಿಸ್ತಾರೆ. ಮನೆಮನೆಗೆ ಟಪಾಲು ಹಂಚಿ ರಿಟೈರ್ ಆದೋರು ಅವರು, ಜೀವನ ಪೂರ್ತಿ ನಡೆದ ಕಾಲು.

ಈ ದಮ್ಮಿಗೆ ಡಾಕ್ಟ್ರುಗಳು ವಿಒಟು ಮ್ಯಾಕ್ಸ್ ಅಂತಾರೆ, ಅಂದ್ರೆ ಪೂರ್ತಿ ಶ್ರಮ ಹಾಕ್ದಾಗ ದೇಹ ನಿಮಿಷಕ್ಕೆ ಎಷ್ಟು ಆಮ್ಲಜನಕ ಬಳಸ್ಕೊಳ್ಳತ್ತೆ ಅನ್ನೋ ಲೆಕ್ಕ. ಮೂವತ್ತು ದಾಟಿದ ಮೇಲೆ ಹತ್ತು ವರ್ಷಕ್ಕೆ ಸುಮಾರು 10% ಇಳಿಯತ್ತೆ, ಎಪ್ಪತ್ತರ ನಂತರ ಇನ್ನೂ ಜೋರಾಗಿ ಇಳಿಯತ್ತೆ, ಯಾಕಂದ್ರೆ ಹೃದಯದ ಗರಿಷ್ಠ ಬಡಿತ ಕಮ್ಮಿ ಆಗತ್ತೆ, ಮಾಂಸಖಂಡ ಕರಗತ್ತೆ. ಹೆಂಗಸರಿಗೆ ಹೃದಯದ ಗಾತ್ರವೂ ಚಿಕ್ಕದು, ಹಿಮೋಗ್ಲೋಬಿನ್ನೂ ಕಮ್ಮಿ. ನಮ್ಮ ದೇಶದಲ್ಲಂತೂ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ 15ರಿಂದ 49 ವಯಸ್ಸಿನ ಹೆಂಗಸರಲ್ಲಿ 57% ಜನಕ್ಕೆ ರಕ್ತಹೀನತೆ, ಆಮ್ಲಜನಕ ಹೊರೋದೇ ರಕ್ತ ಅಂದ್ಮೇಲೆ ದಮ್ಮು ಎಲ್ಲಿಂದ ಬರ್ಬೇಕು ಹೇಳಿ.

ಇನ್ನೊಂದು, ಅದೇ ತೂಕ ಅದೇ ಎತ್ತರ ಇದ್ರೂ ನಮ್ಮವರ ಮೈಯಲ್ಲಿ ಯುರೋಪಿಯನ್ನರಿಗಿಂತ ಕೊಬ್ಬು ಜಾಸ್ತಿ, ಸ್ನಾಯು ಕಮ್ಮಿ. ಅದಕ್ಕೇ ವಿಶ್ವ ಆರೋಗ್ಯ ಸಂಸ್ಥೆ 2004ರಲ್ಲೇ ಏಷ್ಯಾದವರಿಗೆ ಬಿಎಂಐ, ಅಂದ್ರೆ ಎತ್ತರಕ್ಕೆ ತೂಕ ಎಷ್ಟಿದೆ ಅನ್ನೋ ಲೆಕ್ಕ, 23 ದಾಟಿದ್ರೇ ಎಚ್ಚರ ಇರ್ಲಿ ಅಂತ ಹೇಳಿದ್ದು. ನಂಗೆ ಬೇಜಾರಾಗೋದು ಏನಂದ್ರೆ, ಇಲ್ಲಿ ಮುಟ್ಟು ನಿಲ್ಲೋ ವಯಸ್ಸಿನ ಹೆಂಗಸರ ಮೇಲೆ 1996ರಲ್ಲಿ ಶುರುವಾದ ಸ್ವಾನ್ ಅನ್ನೋ ದೊಡ್ಡ ಅಧ್ಯಯನದಲ್ಲಿ ಬಿಳಿಯರು, ಕಪ್ಪು ಜನಾಂಗದವರು, ಚೀನಾ, ಜಪಾನ್, ಹಿಸ್ಪಾನಿಕ್ ಮೂಲದವರು ಇದ್ರು, ನಮ್ಮವರ ಗುಂಪು ಇರ್ಲಿಲ್ಲ. ದಕ್ಷಿಣ ಏಷ್ಯಾದವರ ಹೃದಯಕ್ಕೇ ಅಂತ ಮಸಾಲಾ ಅನ್ನೋ ಅಧ್ಯಯನ ಶುರುವಾಗಿದ್ದು 2010ರಲ್ಲಿ.

ಆದ್ರೆ ಎಲ್ಲಾ ಜನಾಂಗದ ಮೇಲೆ ಹಾಕಿ ಕೂತ್ಕೊಳ್ಳೋದನ್ನ ನಾನು ಒಪ್ಪಲ್ಲ. ಪಂಜಾಬಿನ ಮಾನ್ ಕೌರ್ ಓಡೋಕೆ ಶುರು ಮಾಡಿದ್ದು 93ನೇ ವಯಸ್ಸಲ್ಲಿ, 2017ರಲ್ಲಿ ಆಕ್ಲೆಂಡಿನ ವರ್ಲ್ಡ್ ಮಾಸ್ಟರ್ಸ್ ಗೇಮ್ಸ್‌ನಲ್ಲಿ 101 ವಯಸ್ಸಿಗೆ 100 ಮೀಟರ್ ಓಟವನ್ನ 74 ಸೆಕೆಂಡಲ್ಲಿ ಓಡಿ ಚಿನ್ನ ತಗೊಂಡ್ರು, ನಮ್ಮಂಥದ್ದೇ ಮೈ ಅಲ್ವಾ.

ವಾರಕ್ಕೆ 150 ನಿಮಿಷ ಎಕ್ಸರ್‌ಸೈಜು ಮಾಡ್ಬೇಕು ಅಂತಾರೆ, ಹತ್ತು ಹತ್ತು ನಿಮಿಷವಾಗಿ ಮಾಡಿದ್ರೂ ಲೆಕ್ಕಕ್ಕೆ ಬರತ್ತೆ. ಮಾತಾಡೋಕೆ ಆಗ್ಬೇಕು, ಹಾಡೋಕೆ ಆಗ್ಬಾರ್ದು, ಅಷ್ಟು ಜೋರು ಸಾಕು. ಮೊದ್ಲು ಹಿಮೋಗ್ಲೋಬಿನ್ ಚೆಕ್ ಮಾಡಿಸ್ಕೊಳ್ಳಿ, ನಡೀವಾಗ ಎದೆ ಹಿಡ್ಕೊಂಡ್ರೆ ಇಲ್ಲಾ ತಲೆ ತಿರುಗಿದ್ರೆ ಅಲ್ಲೇ ನಿಲ್ಸಿ ಡಾಕ್ಟ್ರ ಹತ್ರ ಹೋಗಿ.